ನಾಲ್ಕೂವರೆ ವರ್ಷದ ಮಗೂನ ಔಟ್‌ಡೋರ್ ಗ್ರೂಪಿಗೆ ಸೇರಿಸ್ಬೋದಾ, ಇಲ್ಲಾ ಇನ್ನೂ ಬೇಗ ಆಯ್ತಾ?

ಪುಟ್ಟಿಅಮ್ಮ:
ಎಲ್ರಿಗೂ ನಮಸ್ತೆ. 4ರಿಂದ 6 ವರ್ಷದ ಮಕ್ಕಳಿಗೆ ಅಂತಾನೇ ಇರೋ ಒಂದು ಗ್ರೂಪಿಗೆ ಮಗಳನ್ನ ಸೇರಿಸ್ಬೇಕು ಅಂತ ತುಂಬಾ ಆಸೆ, ವಾರಕ್ಕೊಂದ್ಸಲ ಹೊರಗಡೆ ಆಟ, ಗಂಟು ಹಾಕೋದು, ಎಲೆ ಹುಳ ಗುರುತು ಹಿಡಿಯೋದು, ಬೆಂಕಿ ಹತ್ರ ಹೇಗಿರ್ಬೇಕು ಅನ್ನೋದು ಎಲ್ಲಾ ಕಲಿಸ್ತಾರಂತೆ. ಆದ್ರೆ ಇವ್ಳು ಹೊಸಬ್ರನ್ನ ಕಂಡ್ರೆ ನನ್ನ ಹಿಂದೆ ಬಚ್ಚಿಟ್ಕೊಳ್ತಾಳೆ, ಶೂ ತಾನೇ ಹಾಕ್ಕೊಳ್ಳಲ್ಲ, ಕೈಗೆ ಮಣ್ಣಾದ್ರೆ ಅಳು. ಇನ್ನೊಂದು ವರ್ಷ ಕಾಯ್ಲಾ? ಬೆಂಕಿ, ಚಾಕು ಅಂದ್ರೆ ನಂಗೇ ಎದೆ ಝಲ್ ಅನ್ಸತ್ತೆ.

ಕಾಡುದಾರಿ:
ಇಂಥ ಗ್ರೂಪಲ್ಲೇ ವಾಲಂಟಿಯರ್ ಆಗಿದೀನಿ. ಕಾಯ್ಬೇಡಿ. ಶೂ ಹಾಕ್ಕೊಳ್ಳೋದು, ಜಿಪ್ ಏರಿಸೋದು, ತನ್ನ ಬ್ಯಾಗ್ ತಾನೇ ಹೊರೋದು, ಈ ವಯಸ್ಸಲ್ಲಿ ಸ್ಕಿಲ್ ಅಂದ್ರೆ ಇವೇ, ಕಲಿತು ಬರ್ಬೇಕು ಅಂತೇನಿಲ್ಲ. ಚಾಕು ಬಗ್ಗೆ ಹೇಳ್ಬೇಕಂದ್ರೆ ನಾವು ಕೊಡೋದು ತರಕಾರಿ ಸಿಪ್ಪೆ ತೆಗೆಯೋ ಪೀಲರ್, ಹಸಿ ಕಡ್ಡಿ ತೊಗಟೆ ಹೆರೆಯೋಕೆ, ಅದೂ ಒಂದು ಮಗೂಗೆ ಒಬ್ರು ದೊಡ್ಡೋರು ಪಕ್ಕದಲ್ಲಿ ಕೂತು, ಪೀಲರ್ ಮೈಯಿಂದ ಆಚೆ ಕಡೆಗೇ ಓಡ್ಬೇಕು, ಕೈ ಚಾಚಿದಷ್ಟು ದೂರದಲ್ಲಿ ಬೇರೆ ಮಕ್ಕಳು ಇರೋ ಹಾಗಿಲ್ಲ. ಬೆಂಕಿ ಸುತ್ತ ಮರದ ದಿಮ್ಮಿ ಇಟ್ಟು ವೃತ್ತ ಮಾಡ್ತೀವಿ, ಕರೀದೇ ಯಾರೂ ಒಳಗೆ ಕಾಲಿಡಲ್ಲ, ಹತ್ರ ಬಂದ್ರೆ ಒಂದು ಮಂಡಿ ಊರಿ ಕೂರ್ಬೇಕು, ಯಾಕಂದ್ರೆ ಹಾಗೆ ಕೂತ್ರೆ ಮುಂದಕ್ಕೆ ಮುಗ್ಗರಿಸಲ್ಲ, ಬೇಕಂದ್ರೆ ತಟ್ಟಂತ ಹಿಂದೆ ಸರೀಬೋದು. ನೀರಿನ ಬಕೆಟ್ ಪಕ್ಕದಲ್ಲೇ. ಮಣ್ಣು ಮುಟ್ಟದ ಮಕ್ಳಿಗೆ ಕಡ್ಡಿ ಕೊಟ್ಟು ಕೆದಕೋಕೆ ಹೇಳ್ತೀವಿ, ಅಷ್ಟು ಸಾಕು. ಸುಮ್ನೆ ನಿಂತು ನೋಡೋ ಮಗೂನೂ ಸೇರ್ಕೊಂಡಿದೆ ಅಂತಾನೇ ನಮ್ಮ ಲೆಕ್ಕ.

ಹಳೇಸ್ಕೌಟ್:
ವಯಸ್ಸಿನ ಬಗ್ಗೆ ಮಾತ್ರ. ಸ್ಕೌಟ್ ಶುರುವಾಗಿದ್ದು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ 1907ರಲ್ಲಿ ನಡೆದ ಕ್ಯಾಂಪಿಂದ, ಅದು ದೊಡ್ಡ ಹುಡುಗ್ರಿಗೆ ಇತ್ತು, ಆಮೇಲೆ ತಮ್ಮಂದಿರೂ ಬರ್ತೀವಿ ಅಂತ ಹಟ ಹಿಡಿದಿದ್ದಕ್ಕೆ 1916ರಲ್ಲಿ ಚಿಕ್ಕ ಹುಡುಗ್ರಿಗೆ ಅಂತ ಕಬ್ ವಿಭಾಗ ಶುರುವಾಯ್ತು, ಬ್ರಿಟನ್ನಿನ ಸ್ಕೌಟ್‌ನಲ್ಲಿ 2021ರಿಂದ 4-6 ವರ್ಷದವರಿಗೆ ಸ್ಕ್ವಿರಲ್ಸ್ ಅನ್ನೋ ವಿಭಾಗಾನೇ ಇದೆ. ಇಷ್ಟು ಚಿಕ್ಕೋರಿಗೆ ಗ್ರೂಪ್ ಇರೋದು ವಿಚಿತ್ರ ಏನಲ್ಲ.

ನಿಧಾನಿ:
ನಂದು ಸ್ವಲ್ಪ ಬೇರೆ ಅಭಿಪ್ರಾಯ. ವಯಸ್ಸಿಗಿಂತ ಆ ಗ್ರೂಪ್ ನಡ್ಸೋರು ಎಂಥೋರು ಅನ್ನೋದು ಮುಖ್ಯ, ಅದಕ್ಕೇ ಮಗೂನ ಬಿಟ್ಟು ನೀವೊಬ್ರೇ ಒಂದ್ಸಲ ಹೋಗಿ ನೋಡ್ಬನ್ನಿ. ಎಷ್ಟು ಮಕ್ಳಿಗೆ ಎಷ್ಟು ದೊಡ್ಡೋರು, ಫಸ್ಟ್ ಏಡ್ ಯಾರಿಗೆ ಗೊತ್ತು, ವಾಲಂಟಿಯರ್‌ಗಳ ಹಿನ್ನೆಲೆ ವಿಚಾರಿಸಿದಾರಾ, ಟಾಯ್ಲೆಟ್‌ಗೆ ಯಾರು ಕರ್ಕೊಂಡು ಹೋಗ್ತಾರೆ, ಒಬ್ರೇ ದೊಡ್ಡೋರ ಜೊತೆ ಮಗೂನ ಬಿಡ್ತಾರಾ, ಇದನ್ನೆಲ್ಲ ಮುಜುಗರ ಇಲ್ದೆ ಕೇಳಿ. ಅಳೋ ಮಗೂಗೆ ಏನ್ ಮಾಡ್ತೀರ ಅಂತ ಕೇಳಿದಾಗ "ಅಳ್ಲಿ ಬಿಡಿ, ಅಭ್ಯಾಸ ಆಗತ್ತೆ" ಅಂದ್ರೆ ಅಲ್ಲಿಗೆ ಬೇಡವೇ ಬೇಡ. ಹೆಸರು ಮಾತ್ರ ಈಗ್ಲೇ ಬರೆಸಿಡಿ, ವೇಟಿಂಗ್ ಲಿಸ್ಟ್ ಉದ್ದ ಇರತ್ತೆ.

ಕಾಡುದಾರಿ:
ನಿಧಾನಿ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು, ಚಳಿ ಮಳೆ ಇದ್ರೆ ಒಳಗೆ ಕಾಟನ್ ಹಾಕ್ಬೇಡಿ, ಒದ್ದೆ ಆದ್ರೆ ಮೈ ತಣ್ಣಗಾಗತ್ತೆ, ಉಣ್ಣೆ ಇಲ್ಲಾ ಸಿಂಥೆಟಿಕ್ ವಾಸಿ. ದಾರಿ ತಪ್ಪಿದ್ರೆ ಓಡಾಡ್ದೆ ಹತ್ರದ ಮರ ತಬ್ಕೊಂಡು ಅಲ್ಲೇ ನಿಂತು ವಿಷಲ್ ಊದೋ ಆಟ ಮನೇಲೇ ಆಡ್ಸಿ, ಮಕ್ಳಿಗೆ ಬಲು ಇಷ್ಟ.

ಪುಟ್ಟಿಅಮ್ಮ:
ತುಂಬಾ ಥ್ಯಾಂಕ್ಸ್, ಪೀಲರ್ ಅಂತ ಓದಿ ಅರ್ಧ ಭಯ ಹೋಯ್ತು. ಈ ವಾರ ನಾನೊಬ್ಳೇ ಹೋಗಿ ನೋಡ್ತೀನಿ. ಶುರುವಿನಲ್ಲಿ ಅಮ್ಮ ಪಕ್ಕದಲ್ಲೇ ಇರೋಕೆ ಬಿಡ್ತಾರಾ?

ಕಾಡುದಾರಿ:
ನಮ್ಮಲ್ಲಿ ಬಿಡ್ತೀವಿ, ಅಲ್ಲೂ ಕೇಳಿ. ಆದ್ರೆ ಅವ್ಳ ಕೆಲ್ಸ ನೀವು ಮಾಡ್ಕೊಡ್ಬೇಡಿ, ಗಂಟು ಬಿಚ್ಚೋಕೆ ಹತ್ತು ನಿಮಿಷ ಬೇಕಂದ್ರೂ ಕೈ ಕಟ್ಕೊಂಡು ಕೂತಿರಿ.