ಲಾಸ್ಟ್ ಆಫ್ ಅಸ್ ಪಾರ್ಟ್ 2: ಅಬಿ ಭಾಗ ಶುರುವಾಯ್ತು, ಮುಂದುವರಿಸ್ಲಾ ಇಲ್ಲಿಗೇ ಬಿಡ್ಲಾ?

ಕೋಡುಬಳೆ_ಗೇಮರ್:

ಐದು ವರ್ಷ ಲೇಟಾಗಿ ಬಂದಿದೀನಿ ಗೊತ್ತು, ಕಾಲೆಳೀಬೇಡಿ. ಮೊದಲನೇ ಗೇಮ್ ಆಡಿದ್ದೇ ನಾನು ಟೀವಿ ಸೀರೀಸಿನ ಮೊದಲ ಸೀಸನ್ ನೋಡಿದ್ಮೇಲೆ, ಅದೂ ನಮ್ಮ ಭಾವ ಕೊಟ್ಟ ಹಳೇ ಪಿಎಸ್ 4 ಅಲ್ಲಿ. ಕೊನೇಲಿ ಜೋಯೆಲ್ ಆ ಆಸ್ಪತ್ರೇಲಿ ಅಡ್ಡ ಬಂದೋರನ್ನೆಲ್ಲ ಕೊಂದು, ಮಗಳ ಥರ ನೋಡ್ಕೊಂಡಿದ್ದ ಎಲಿನ ಎತ್ಕೊಂಡು ಬಂದು ಆಮೇಲೆ ಅವಳಿಗೇ ಸುಳ್ಳು ಹೇಳ್ತಾನಲ್ಲ, ಅವತ್ತು ರಾತ್ರಿ ನಿದ್ದೆ ಬಂದಿರ್ಲಿಲ್ಲ. ಅದಕ್ಕೇ ಎರಡನೇದು ಬೇಕೂಂತ ಮುಂದಕ್ಕೆ ಹಾಕ್ಕೊಂಡು ಬಂದೆ. ಎರಡನೇ ಸೀಸನ್ ಕೂಡ ನೋಡಿಲ್ಲ, ಆಫೀಸಲ್ಲಿ ಯಾರಾದ್ರೂ ಮಾತೆತ್ತಿದ್ರೆ ಎದ್ದು ಕಾಫಿಗೆ ಹೋಗ್ತಿದ್ದೆ.

ಈಗ ವಿಷಯ ಏನಪ್ಪಾ ಅಂದ್ರೆ, ಶುರುವಲ್ಲೇ ಜೋಯೆಲ್‌ಗೆ ಆಗಿದ್ದನ್ನ, ಅಂದ್ರೆ ಅಬಿ ಅನ್ನೋಳು ಅವನನ್ನ ಕೊಂದಿದ್ದನ್ನ, ಹೇಗೋ ನುಂಗ್ಕೊಂಡೆ. ಸಿಯಾಟಲ್ ಮೂರು ದಿನ ಎಲಿ ಜೊತೆ ಓಡಾಡ್ಕೊಂಡು, ಗನ್ನೆಲ್ಲ ಅಪ್‌ಗ್ರೇಡ್ ಮಾಡ್ಕೊಂಡು, ಒಬ್ಬೊಬ್ಬರನ್ನೇ ಹುಡುಕಿ ಹುಡುಕಿ ಕೊನೆಗೆ ಆ ಥಿಯೇಟರ್‌ಗೆ ಅಬಿನೇ ಬಂದು ನಿಂತ್ಲು. ಬಾ, ನಿನಗೇ ಕಾಯ್ತಿದ್ದೆ ಅಂತ ಸೋಫಾ ತುದೀಲಿ ಕೂತಿದ್ರೆ ಸ್ಕ್ರೀನ್ ಕಪ್ಪಾಗಿ ಕಥೆ ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ಅಬಿ ಅವರಪ್ಪನ ಜೊತೆ ತಂತೀಲಿ ಸಿಕ್ಕಿಹಾಕ್ಕೊಂಡ ಜೀಬ್ರಾನ ಬಿಡಿಸ್ತಾ ಇದಾಳೆ! ಆಮೇಲೆ ಮತ್ತೆ ಸಿಯಾಟಲ್ ಮೊದಲ ದಿನ. ಅಪ್‌ಗ್ರೇಡ್ ಎಲ್ಲ ಸೊನ್ನೆ, ಗನ್ ಬೇರೆ, ಜೊತೆಗಾರರು ಬೇರೆ, ಯಾರನ್ನ ಕೊಂದು ಬಂದ್ನೋ ಅವರ ಜೊತೇಲೇ ಕೂತು ನಗ್ತಾ ಇರ್ಬೇಕು. ಕಂಟ್ರೋಲರ್ ಕೆಳಗಿಟ್ಟು ಎರಡು ದಿನ ಆಯ್ತು, ಮುಟ್ಟಿಲ್ಲ.

ಕೇಳ್ಬೇಕಾಗಿರೋದು ಎರಡು. ಒಂದು, ಈ ಅಬಿ ಭಾಗ ಬೇಗ ಮುಗಿಯತ್ತಾ? ಎರಡು, ಕಥೇನ ನಡೆದ ಕ್ರಮದಲ್ಲೇ ತೋರ್ಸೋ ಮೋಡ್ ಒಂದು ಬಂದಿದೆ ಅಂತ ಫ್ರೆಂಡ್ ಹೇಳ್ದ, ಅದರಲ್ಲಿ ಮೊದಲಿಂದ ಆಡ್ಲಾ? ಕೊನೆ ಮಾತ್ರ ಯಾರೂ ಹೇಳ್ಬೇಡಿ ಪ್ಲೀಸ್.

(ಮರೆತಿದ್ದೆ, ಪಾತ್ರಗಳು ಅಷ್ಟು ಸಲ ಎಲಿ ಎಲಿ ಅಂತ ಕೂಗೋದು ಕೇಳಿ ಕೇಳಿ ನಮ್ಮಮ್ಮ ಅಡುಗೆ ಮನೆಯಿಂದ "ಎಲ್ಲಿ ಎಲ್ಲಿ ಅಂತಿದಾರಲ್ಲ, ಏನೋ ಕಳ್ಕೊಂಡಿದಾರೆ ಪಾಪ?" ಅಂದ್ರು.)

ರಾತ್ರಿಪಾಳಿ:

ಬಿಟ್ಬಿಡಿ. ಸೀರಿಯಸ್ಸಾಗೇ ಹೇಳ್ತಿದೀನಿ. ಬೇಗ ಮುಗಿಯತ್ತಾ ಅಂತ ಕೇಳಿದ್ರಲ್ಲ, ಇಲ್ಲ, ಇನ್ನೂ ಅರ್ಧ ಗೇಮ್ ಬಾಕಿ ಇದೆ ನಿಮಗೆ.

ನಾನು 2020 ಜೂನ್ 19, ರಿಲೀಸ್ ದಿನವೇ ಆಡೋಕೆ ಕೂತೋನು. ಏಪ್ರಿಲ್ ಕೊನೇಲಿ ಕಥೆ ಲೀಕ್ ಆಗಿತ್ತಲ್ಲ, ಅದು ಕಣ್ಣಿಗೆ ಬೀಳಬಾರ್ದು ಅಂತ ಎರಡು ತಿಂಗಳು ಯೂಟ್ಯೂಬ್ ಕಾಮೆಂಟ್ ಕೂಡ ನೋಡಿರ್ಲಿಲ್ಲ. ಜೋಯೆಲ್ ಸತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ ಸ್ವಾಮಿ, ಅವನು ಮಾಡಿದ್ದಕ್ಕೆ ಒಂದಿನ ಯಾರೋ ಬರ್ತಾರೆ ಅಂತ ಮೊದಲನೇದು ಮುಗಿದಾಗ್ಲೇ ಗೊತ್ತಿತ್ತು. ಸಿಟ್ಟು ಇರೋದು ಅದನ್ನ ಮಾಡಿದ ರೀತಿಗೆ. ಲೋಕ ಹಾಳಾದ್ಮೇಲೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಯಾರನ್ನೂ ನಂಬದೆ ಬದುಕಿದ ಅಣ್ಣ ತಮ್ಮ, ಜೋಯೆಲ್ ಮತ್ತೆ ಟಾಮಿ, ಗುರುತು ಪರಿಚಯ ಇಲ್ಲದ ಗನ್ ಹಿಡ್ಕೊಂಡಿರೋ ಗುಂಪಿನ ಮಧ್ಯೆ ಹೋಗಿ ನಿಂತ್ಕೊಂಡು ಹೆಸರು ಹೇಳ್ತಾರೆ. ಕಥೆಗಾರನಿಗೆ ಅರ್ಜೆಂಟಿತ್ತು, ಅಷ್ಟೇ.

ಇನ್ನು ಟ್ರೇಲರ್. 2019ರಲ್ಲಿ ಬಂದ ಟ್ರೇಲರಲ್ಲಿ ಎಲಿ ಬಾಯಿ ಮುಚ್ಚಿ ಹಿಡಿದು, ನಿನ್ನೊಬ್ಬಳನ್ನೇ ಬಿಡ್ತೀನಾ ಅಂತ ಜೋಯೆಲ್ ಬರ್ತಾನೆ. ಗೇಮಲ್ಲಿ ಅದೇ ಸೀನಲ್ಲಿ ಇರೋದು ಎಲಿ ಫ್ರೆಂಡ್ ಜೆಸ್ಸಿ! ಸರ್‌ಪ್ರೈಸ್ ಉಳಿಸೋಕೆ ಅಂತಾರೆ, ಇರ್ಬಹುದು, ಆದ್ರೆ ನಾನು ಆ ಸೀನ್ ಬಂದಾಗ ಕಥೆ ನೋಡ್ಲಿಲ್ಲ, ಓ ಇವರು ಹಿಂಗ್ ಮಾಡಿದ್ರಾ ಅಂತ ಯೋಚ್ನೆ ಮಾಡ್ತಾ ಕೂತೆ.

ಒಂದು ಮಾತ್ರ ಹೇಳ್ಬಿಡ್ತೀನಿ, ಇಪ್ಪತ್ತೈದು ಗಂಟೆ ಗೇಮಿಗೆ ಮೊದಲ ದಿನವೇ ಹೋಗಿ ಸೊನ್ನೆ ಕೊಟ್ರಲ್ಲ ಆ ಗುಂಪಲ್ಲಿ ನನ್ನ ಸೇರಿಸ್ಬೇಡಿ. ಅಬಿಗೆ ದನಿ ಕೊಟ್ಟ ಲಾರಾ ಬೈಲಿಗೆ ಕೊಲೆ ಬೆದರಿಕೆ ಕಳಿಸಿದೋರಿಗಂತೂ ಏನ್ ಹೇಳೋದು. ಪಾತ್ರ ಬರೆದಿದ್ದು ಅವಳಲ್ಲ, ನಟನೆ ಮಾಡಿದ್ಲು, ಚೆನ್ನಾಗೇ ಮಾಡಿದ್ಲು.

ಕಡಲತಡಿ:

ಎಂತ ಮಾರಾಯ್ರೆ, ಅರ್ಧಕ್ಕೆ ಬಿಡಿ ಅಂತ ಹೇಳುದಾ? ಅರ್ಧಕ್ಕೆ ಬಿಟ್ರೆ ನೀವು ಆಡಿದ್ದು ಬೇರೆಯೇ ಗೇಮು, ಒಂದು ಸಾದಾ ಸೇಡಿನ ಕಥೆ, ಅದಕ್ಕೆ ಇಷ್ಟು ಗಲಾಟೆ ಯಾಕೆ ಬೇಕಿತ್ತು.

ನಮ್ಮ ಕಡೆ ತಾಳಮದ್ದಳೆ ಉಂಟಲ್ಲ, ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುದು ಮಾತ್ರ. ಅದ್ರಲ್ಲಿ ವಾಲಿವಧೆ ಪ್ರಸಂಗ ಇಟ್ರೆ ರಾಮ ಬಾಣ ಬಿಟ್ಟ ಮೇಲೇ ನಿಜವಾದ ಆಟ ಶುರು ಆಗುದು. ಅಲ್ಲಿವರೆಗೆ ವಾಲಿ ಅಂದ್ರೆ ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಕೆಟ್ಟವ, ಮುಗೀತು. ಬಾಣ ತಾಗಿ ಬಿದ್ದ ಮೇಲೆ ಅವ ಕೇಳ್ತಾನೆ, ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಅರ್ಥ ಹೇಳುವವರು ಗಟ್ಟಿ ಇದ್ರೆ ಎದುರು ರಾಮನಿಗೆ ಬೆವರು ಇಳೀತದೆ, ಸಭೆಯಲ್ಲಿ ಕೂತ ನಮ್ಮ ಅಜ್ಜನಂಥ ರಾಮಭಕ್ತರೂ ತಲೆ ಆಡಿಸ್ತಾರೆ. ಮರುದಿನ ಬೆಳಿಗ್ಗೆ ಅವರು ರಾಮನ ಪಟಕ್ಕೆ ಹೂ ಇಡುದು ನಿಲ್ಲಿಸ್ಲಿಲ್ಲ, ಅದು ಬೇರೆ ಪ್ರಶ್ನೆ.

ಈ ಗೇಮ್ ಮಾಡಿದ್ದು ಅದನ್ನೇ. ಮೊದಲನೇ ಭಾಗದಲ್ಲಿ ಆಪರೇಷನ್ ಥಿಯೇಟರಲ್ಲಿ ಒಬ್ಬ ಡಾಕ್ಟರ್ ಕತ್ತಿ ಹಿಡ್ಕೊಂಡು ನಿಂತಿದ್ದ ನೆನಪುಂಟಾ? ಅವನನ್ನು ಕೊಲ್ಲದೆ ಆಟ ಮುಂದೆ ಹೋಗುದೇ ಇಲ್ಲ. ನಾವು ಕೊಂದೆವು, ಹೆಸರೂ ಕೇಳ್ಲಿಲ್ಲ. ಈಗ ಜೀಬ್ರಾ ಬಿಡಿಸಿದ್ದು ಅವನೇ, ಅಬಿಯ ಅಪ್ಪ. ಇದನ್ನು ಮೊದಲೇ ಹೇಳಿ ಆಮೇಲೆ ಜೋಯೆಲ್ ಹತ್ರ ಬಂದಿದ್ರೆ ನಾವು ಪಾಪ ಹುಡುಗಿ ಅಂತ ಸುಮ್ಮನೆ ಒಪ್ಪಿಕೊಳ್ತಿದ್ದೆವು. ದ್ವೇಷ ಕುದಿಯುವಾಗ ಹೇಳಿದ್ದಕ್ಕೇ ಕಂಟ್ರೋಲರ್ ಕೆಳಗೆ ಇಡುವಷ್ಟು ಕಷ್ಟ ಆದದ್ದು. ಕೋಡುಬಳೆಯವರೇ, ನಿಮ್ಮ ಆ ಎರಡು ದಿನದ ಸಿಟ್ಟು ಉಂಟಲ್ಲ, ಈ ಗೇಮ್ ಮಾಡಿದ ಡ್ರಕ್‌ಮನ್‌ಗೆ ಬೇಕಾದದ್ದು ಅದೇ.

ತಕರಾರು ನನ್ನದೂ ಒಂದುಂಟು. ವಾಲಿಗೆ ಒಂದು ಗಂಟೆ ಸಾಕಾಗ್ತದೆ, ಅಬಿಗೆ ಹತ್ತು ಹನ್ನೆರಡು ಗಂಟೆ ಕೊಟ್ಟಿದ್ದಾರೆ! ನಾಯಿಗಳದ್ದಂತೂ ಅತಿ ಆಯ್ತು. ಎಲಿಯಾಗಿ ಒಂದು ನಾಯಿಯನ್ನು ನಮ್ಮ ಕೈಯಿಂದಲೇ ಕೊಲ್ಲಿಸಿ, ಆಮೇಲೆ ಅದೇ ನಾಯಿ ಅಬಿ ಹಿಂದೆ ಬಾಲ ಅಲ್ಲಾಡಿಸಿಕೊಂಡು ಬರುದು ತೋರಿಸಿ, ನೋಡು ನೋಡು ಅಂತ ಮೊಣಕೈಯಲ್ಲಿ ತಿವಿದ ಹಾಗೆ. ಗೊತ್ತಾಯ್ತು ಮಾರಾಯಾ, ಬಿಡು.

ಗಿರ್ಮಿಟ್_ಬಾಸ್:

ಎಲ್ಲಾರೂ ಬರೇ ಕಥಿ ಕಥಿ ಅಂತೀರಲ್ರೀ, ಆಟ ಹೆಂಗೈತಿ ಅಂತ ಒಬ್ರೂ ಹೇಳವಲ್ರಿ. ನಾ ಕಟ್ ಸೀನ್ ಬಂದಾಗ ಚಾ ಕುಡಿಯಾಕ ಹೋಗೋ ಮನಷ್ಯಾ, ನನಗ ಈ ಗೇಮ್ ಭಾಳ ಸೇರೇತಿ.

ಮೊದಲನೇದ್ರಾಗ ವೈರಿಗಳು ಅಂದ್ರ ಬೊಂಬಿ ಇದ್ದಂಗ. ಇದ್ರಾಗ ಒಬ್ಬನ್ನ ಹೊಡದ್ರ ಇನ್ನೊಬ್ಬಾಂವ ಅವನ ಹೆಸರ ಹಿಡದು ಒದರತಾನ, ನಾಯಿ ಸತ್ರ ಅದನ್ನ ಸಾಕಿದಾಕಿ ಅಳತಾಳ. ಹುಲ್ಲಿನ್ಯಾಗ ಹೊಟ್ಟಿ ಮ್ಯಾಲೆ ಮಲಗಿ ತೆವಳಕೋತ ಹೋದ್ರೂ ನಾಯಿ ವಾಸನಿ ಹಿಡಕೊಂಡ ಬರತೈತಿ. ಆ ಸೆರಾಫೈಟ್ ಅನ್ನೋ ಧರ್ಮದ ಹುಚ್ಚಿನ ಪಂಗಡದ ಮಂದಿ ಸಿಳ್ಳಿ ಹೊಡದು ಮಾತಾಡೋದೈತಲ್ಲ, ಮಳಿಯಾಗ, ಕತ್ತಲದಾಗ, ಹೆಡ್‌ಫೋನ್ ಹಾಕ್ಕೊಂಡ ಆಡ್ರಿ ಒಮ್ಮೆ, ಬೆನ್ನಾಗ ಚಳಿ ಬರತೈತಿ. ಹಿಲ್‌ಕ್ರೆಸ್ಟ್ ಅನ್ನೋ ಓಣಿ ನಾ ನಾಕ್ ಸಲ ಆಡೀನಿ, ನಾಕೂ ಸಲ ಬ್ಯಾರೆ ಬ್ಯಾರೆ ಥರಾ ಆತು.

ಅಪ್‌ಗ್ರೇಡ್ ಹೋತು ಅಂತ ಅಳಬ್ಯಾಡ್ರಿ. ಎಲಿ ಕಡೆ ಚಾಕು ಯಾವಾಗ್ಲೂ ಇರತೈತಿ, ಅಬಿ ಕಡೆ ಇಲ್ಲ, ಆಕಿ ಸಾಮಾನ ಕೂಡಿಸಿ ಶಿವ್ ಅನ್ನೋ ಸಣ್ಣ ಚೂರಿ ಮಾಡ್ಕೋಬೇಕು. ಅದಕ್ಕ ಬದಲಿ ಆಕಿ ತೋಳಬಲ ನೋಡ್ರಿ, ಒಂದ್ ಗುದ್ದಿಗೆ ಮಂದಿ ಗ್ವಾಡಿಗೆ ಹತ್ತತಾರ. ಎಲಿಗೆ ಬಿಲ್ಲು, ಈಕಿಗೆ ಕ್ರಾಸ್‌ಬೋ, ಪೈಪ್ ಬಾಂಬ್, ಮುಂದ ಬೆಂಕಿ ಉಗುಳೋ ಗನ್ನೂ ಸಿಗತೈತಿ. ಬ್ಯಾಸರಾ ಬಂದ್ರ ಡಿಫಿಕಲ್ಟಿಯೊಳಗ ಸಾಮಾನು ಸಿಗೋ ಪ್ರಮಾಣ ಒಂದನ್ನ ಅಷ್ಟ ಸಡಲ ಮಾಡ್ರಿ, ವೈರಿಗಳನ್ನ ಹಂಗ ಬಿಡ್ರಿ, ಎಲ್ಲಾ ಬ್ಯಾರೆ ಬ್ಯಾರೆ ಇಡಾಕ ಬರತೈತಿ.

ಇನ್ನೊಂದ್ ಮಾತು. ನಮ್ಮ ಕಾಕಾನ ಮಗಗ ದೃಷ್ಟಿ ಭಾಳ ಕಮ್ಮಿ. ಇದ್ರಾಗ ಹೈ ಕಾಂಟ್ರಾಸ್ಟ್ ಅಂತ ಐತಿ, ಸುತ್ತೂಕಡೆ ಎಲ್ಲಾ ಬೂದಿ ಬಣ್ಣ, ನಮ್ಮಾವ್ರು ನೀಲಿ, ವೈರಿಗಳು ಕೆಂಪು. ಇಂಥಾ ಆಪ್ಶನ್ ಅರವತ್ತರ ಮ್ಯಾಲೆ ಅದಾವ. ಅಂವ ಪೂರಾ ಗೇಮ್ ತಾನ ಮುಗಿಸಿದ. ಸೀಕ್ವೆಲ್ ಕೆಟ್ಟೈತಿ ಅನ್ನಾವ್ರು ಅಂವನ ಮುಂದ ಬಂದ್ ಹೇಳ್ರಿ.

ರಾತ್ರಿಪಾಳಿ:

ಗಿರ್ಮಿಟ್ ಅಣ್ಣ, ಆಟ ಕೆಟ್ಟದು ಅಂತ ನಾನೂ ಅಂದಿಲ್ವಲ್ಲ. ಅಷ್ಟು ಚೆನ್ನಾಗಿ ಆಡಿಸಿ, ಆಮೇಲೆ ಆಡಿದ್ದಕ್ಕೇ ಬೈತಾರೆ, ಅದಕ್ಕೇ ಉರಿಯೋದು. ಆಸ್ಪತ್ರೇಲಿ ಅಬಿ ಗೆಳತಿ ನೋರಾ ಮುಂದೆ, ಅವಳಿಗೆ ಹೊಡಿಯೋಕೆ ಸ್ಕ್ವೇರ್ ಬಟನ್ ಒತ್ತು ಅಂತ ಬರತ್ತೆ, ಒತ್ತದೆ ಇದ್ರೆ ಗೇಮ್ ಮುಂದೆ ಹೋಗಲ್ಲ. ಒತ್ತಿದ್ರೆ ನೀನು ರಾಕ್ಷಸ. ನನಗೆ ಬೇರೆ ದಾರಿ ಎಲ್ಲಿ ಕೊಟ್ರಿ? ಅದೂ ಅಲ್ಲದೆ ಕೊನೇಲಿ ಆ ಸಮುದ್ರದಲ್ಲಿ ಇಬ್ಬರೂ

ಕಡಲತಡಿ:

ನಿಲ್ಲಿಸಿ ನಿಲ್ಲಿಸಿ! ಅವ್ರು ಕೊನೆ ಹೇಳ್ಬೇಡಿ ಅಂದದ್ದು ಕಾಣ್ಲಿಲ್ವಾ?

ರಾತ್ರಿಪಾಳಿ:

ಅಯ್ಯೋ ಸಾರಿ. ಅರ್ಧದಲ್ಲೇ ನಿಲ್ಲಿಸಿದೀನಿ, ಸಮುದ್ರ ಅಂದಿದ್ದು ಮರೆತುಬಿಡಿ.

ಹಳೇಸೇವ್‌ಫೈಲ್:

ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲೇ ಇಲ್ವಲ್ಲ. ಆ ಕ್ರಮವಾಗಿ ಆಡೋ ಮೋಡ್ ಇರೋದು ನಿಜ, 2025 ಜುಲೈನಲ್ಲಿ ಅಪ್‌ಡೇಟಲ್ಲಿ ಬಂತು, ಆದ್ರೆ ಅದು ರಿಮಾಸ್ಟರ್ಡ್ ವರ್ಷನ್‌ಗೆ ಮಾತ್ರ, ಅಂದ್ರೆ ಪಿಎಸ್ 5 ಮತ್ತೆ ಪಿಸಿ. ನಿಮ್ಮ ಭಾವನ ಪಿಎಸ್ 4 ಅಲ್ಲಿ ಎಷ್ಟು ಹುಡುಕಿದ್ರೂ ಸಿಗಲ್ಲ, ಚರ್ಚೆ ಅಲ್ಲಿಗೇ ಮುಗೀತು.

ನಾನು ಪಿಸಿಯಲ್ಲಿ ಪೂರ್ತಿ ಹಾಗೇ ಆಡಿದೆ, ಇದು ನನ್ನ ಮೂರನೇ ಸಲ. ಎಲಿ ಮತ್ತೆ ಜೋಯೆಲ್ ಜೊತೆಗಿದ್ದ ಹಳೇ ದಿನಗಳು, ಆ ಮ್ಯೂಸಿಯಂ ಹುಟ್ಟುಹಬ್ಬ, ಎಲ್ಲ ಶುರುವಲ್ಲೇ ಬಂದುಬಿಡತ್ತೆ. ನೋಡೋಕೆ ಚೆಂದ. ಆದ್ರೆ ಮೂಲ ಕ್ರಮದಲ್ಲಿ ಏನಾಗ್ತಿತ್ತು ಅಂದ್ರೆ, ಎಲಿ ಒಂದು ಘೋರ ಕೆಲಸ ಮಾಡಿ ಕೈ ನಡುಗಿಸ್ಕೊಂಡು ಬಂದು ಕೂತಾಗ ತಟ್ಟಂತ ಜೋಯೆಲ್ ನಗ್ತಾ ಇರೋ ಹಳೇ ದಿನ ಬರ್ತಿತ್ತು, ಆ ಹೊಡೆತ ಈಗ ಇಲ್ಲ. ಸಿಯಾಟಲ್‌ಗೆ ಬಂದ್ಮೇಲೆ ಇಬ್ಬರ ದಿನಗಳೂ ಹೆಣ್ಕೊಂಡು ಹೋಗೋದ್ರಿಂದ ಇವಳು ಇಲ್ಲಿದ್ದಾಗ ಅವಳು ಅಲ್ಲಿದ್ಲು ಅನ್ನೋದು ಸಲೀಸಾಗಿ ಗೊತ್ತಾಗತ್ತೆ, ಸಿಟ್ಟು ಮಾತ್ರ ಬರೋದೇ ಇಲ್ಲ. ಸೀರೀಸಲ್ಲೂ ಎರಡನೇ ಸೀಸನ್ ಶುರುವಲ್ಲೇ ಅಬಿ ಯಾಕೆ ಬರ್ತಿದಾಳೆ ಅಂತ ಹೇಳ್ಬಿಟ್ರು, ನೋಡೋರಿಗೆ ಅದು ಸರಿ ಇರ್ಬಹುದು, ಆಡೋರಿಗೆ ಅಲ್ಲ ಅನ್ಸತ್ತೆ ನನಗೆ. ಮೊದಲ ಸಲ ಆಡೋರು ಅದನ್ನ ಮುಟ್ಟಲೇಬೇಡಿ.

ರಾತ್ರಿಪಾಳಿ ಅವರ ಸ್ಕ್ವೇರ್ ಬಟನ್ ಮಾತು ಮಾತ್ರ ನಾನೂ ಒಪ್ತೀನಿ. ಮೂರನೇ ಸಲಾನೂ ಅಲ್ಲಿ ನನಗೆ ತಪ್ಪು ಮಾಡ್ದೆ ಅನ್ಸಲ್ಲ, ನನ್ನ ಕೈ ಹಿಡಿದು ಮಾಡಿಸಿದ್ರು ಅನ್ಸತ್ತೆ. ವಿಮರ್ಶಕರು ಅಂಕಗಳ ಸರಾಸರಿ ಹಾಕೋ ಸೈಟ್ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 93 ಕೊಟ್ಟಿದ್ರು, ಅದೇ ವರ್ಷ ಗೇಮ್ ಅವಾರ್ಡ್ಸಲ್ಲಿ ಏಳು ಪ್ರಶಸ್ತಿ ಬೇರೆ ಬಂತು, ಇದರ ಬಗ್ಗೆ ಇನ್ನೂ ಜಾಸ್ತಿ ಮಾತಾಡ್ಬೇಕಿತ್ತು ಅವರು.

ಕೋಡುಬಳೆ_ಗೇಮರ್:

ಹತ್ತು ದಿನ ಆದ್ಮೇಲೆ ಬರೀತಿದೀನಿ. ಕಡಲತಡಿಯವರ ವಾಲಿ ಮಾತು ಓದಿ, ಸರಿ ಇವಳ ವಾದನೂ ಕೇಳೋಣ ಅಂತ ಮುಂದುವರಿಸ್ದೆ. ಮೊದಲ ದಿನ ಇಡೀ ಹಲ್ಲು ಕಚ್ಕೊಂಡೇ ಆಡ್ದೆ, ಅಬಿ ಗುಂಪಿನವರು ಆ ಸ್ಟೇಡಿಯಂ ಒಳಗೆ ದನ ಕುರಿ ಸಾಕ್ಕೊಂಡು ಮಕ್ಕಳಿಗೆ ಸ್ಕೂಲ್ ಮಾಡ್ಕೊಂಡಿರೋದು ನೋಡಿದ್ರೂ ಮನಸು ಕರಗ್ಲಿಲ್ಲ, ಬೇಕಂತಲೇ ತೋರಿಸ್ತಿದಾರೆ ಅನ್ಸ್ತು. ಆದ್ರೆ ಎರಡನೇ ದಿನ ಲೆವ್ ಅನ್ನೋ ಹುಡುಗನ ಜೊತೆ ಆ ಆಕಾಶದ ಸೇತುವೆ ದಾಟೋದು ಬಂತಲ್ಲ, ಅಬಿಗೆ ಎತ್ತರ ಅಂದ್ರೆ ಭಯ, ಕೆಳಗೆ ನೋಡಿದ್ರೆ ಉಸಿರು ಏರತ್ತೆ. ನನಗೂ ಅದೇ ಭಯ, ಮೂರನೇ ಮಹಡಿ ಬಾಲ್ಕನೀಲಿ ಬಟ್ಟೆ ಒಣಗ್ಸಲ್ಲ ನಾನು. ನಿಧಾನ ನಿಧಾನ ಅಂತ ಅವಳಿಗೆ ಜೋರಾಗಿ ಹೇಳ್ತಿದೀನಿ, ಹೇಳಿದ್ಮೇಲೆ ಗೊತ್ತಾಯ್ತು ಯಾರಿಗೆ ಹೇಳ್ತಿದೀನಿ ಅಂತ. ಆಮೇಲೆ ಆ ಆಸ್ಪತ್ರೆ ಕೆಳಗೆ ಬರೋ ರಾಕ್ಷಸ ರ್‍ಯಾಟ್ ಕಿಂಗ್, ಥೂ, ಅದರ ಬಗ್ಗೆ ರಾತ್ರಿ ಹೊತ್ತು ಬರೆಯಲ್ಲ.

ನಿನ್ನೆ ಥಿಯೇಟರ್‌ಗೆ ವಾಪಸ್ ಬಂದೆ. ಈ ಸಲ ನಾನು ಅಬಿ, ಎದುರಿಗೆ ಎಲಿ. ಮೂರು ದಿನ ನಾನು ಬೇರೆಯವರಿಗೆ ಮಾಡಿದ್ದನ್ನೆಲ್ಲ ಅವಳು ನನಗೇ ಮಾಡ್ತಾಳೆ, ಬಾಂಬ್ ಹೂಳ್ತಾಳೆ, ಹಿಂದಿನಿಂದ ಬರ್ತಾಳೆ. ಎಷ್ಟು ಸಲ ಸತ್ನೋ ಲೆಕ್ಕ ಇಲ್ಲ, ಒಂದೆರಡು ಸಲ ಬೇಕಂತಲೇ ಸತ್ತೆ ಅನ್ಸತ್ತೆ. ಅಬಿ ಕಡೆ ಆದೆ ಅಂತ ಹೇಳಕ್ಕಾಗಲ್ಲ, ಹೊಡಿಯಕ್ಕೆ ಕೈ ಮಾತ್ರ ಬರ್ಲಿಲ್ಲ. ರಾತ್ರಿಪಾಳಿ, ಬಟನ್ ಒತ್ತಿಸಿಬಿಟ್ಟು ಬೈತಾರೆ ಅಂದ್ರಲ್ಲ, ಅದು ಇಲ್ಲಿ ಅರ್ಥ ಆಯ್ತು, ಅರ್ಧ ಒಪ್ತೀನಿ.

ಎಲಿನ ಹುಡುಕ್ತಾ ಆ ಕತ್ತಲಲ್ಲಿ ಮೆಲ್ಲಗೆ ಹೋಗ್ತಿದ್ರೆ ಅಮ್ಮ ಮಲಗಕ್ಕೆ ಹೋಗ್ತಾ ಬಾಗಿಲಲ್ಲಿ ನಿಂತು "ಇನ್ನೂ ಸಿಕ್ಲಿಲ್ವೇನೋ ಅದು?" ಅಂದ್ರು. ಈಗ ಆ ಸಮುದ್ರ ಎಲ್ಲಿ ಬರತ್ತೋ ಅಂತ ಕಾಯ್ತಿದೀನಿ, ರಾತ್ರಿಪಾಳಿ, ಮರೆಯಕ್ಕೆ ಆಗ್ಲಿಲ್ಲ.