ಪದಚರ್ಚೆ: ಸ್ಟ್ರೋಮಾಕ್ಕೆ ‘ಹಾಸು’ ಅನ್ನಬಹುದಾ? ಜೊತೆಗೆ ‘ಮಾಯವಲ್ದ ಗಾಯ’

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ನಮ್ಮ ಓಣಿಯ ಹುಡುಗರು ಒಂದು ಗೋಡೆಪತ್ರಿಕೆ ಮಾಡುತ್ತಾರೆ. ಅದಕ್ಕೆ ಒಂದು ಪುಟ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಗಾಯ ಮಾಯುವಾಗ ಎಚ್ಚರವಾಗುವ ಒಂದು ಜೀನ್ ಕ್ಯಾನ್ಸರ್ ಗಡ್ಡೆಯ ಸುತ್ತಲೂ ಯಾಕೆ ಎಚ್ಚರವಾಗಿರುತ್ತದೆ ಅನ್ನುವುದು ವಿಷಯ. ಆ ಜೀನಿನ ಹೆಸರು ಎಫ್‌ಎಪಿ. ವಿಜ್ಞಾನವನ್ನು ಹೇಗೋ ಬರೆದು ಮುಗಿಸಿದೆ, ಕೈಕೊಟ್ಟಿದ್ದು ಪದಗಳು.

ಮೊದಲು ಸ್ಟ್ರೋಮಾ. ಯಾವ ಅಂಗವನ್ನೇ ನೋಡಿ, ಅದರ ಮುಖ್ಯ ಕೆಲಸ ಮಾಡುವ ಕೋಶಗಳಿರುತ್ತವೆ. ಅವುಗಳ ಸುತ್ತ ಆಸರೆಯಾಗಿ ನಾರು, ರಕ್ತನಾಳ, ಆ ನಾರನ್ನು ತಯಾರಿಸುವ ಕೋಶಗಳು ಇರುತ್ತವೆ. ಈ ಆಸರೆಯೇ ಸ್ಟ್ರೋಮಾ. ‘ಆಧಾರ ಅಂಗಾಂಶ’ ಅಂತ ಬರೆದು ನೋಡಿದೆ. ಒಬ್ಬ ಹುಡುಗ ಆಧಾರ್ ಕಾರ್ಡಾ ಅಂತ ಕೇಳಿದ. ಹಾಗೇ ಸ್ಟ್ರೋಮಾ ಅಂತ ಬಿಟ್ಟರೆ ಇನ್ನೊಂದು ತೊಡಕು. ಎಲೆಯ ಹಸಿರು ಕಣದೊಳಗಿನ ದ್ರವಕ್ಕೂ ಅದೇ ಹೆಸರು, ಹುಡುಗರು ಸೀದಾ ಗಿಡಕ್ಕೆ ಹೋಗುತ್ತಾರೆ.

ಗ್ರೀಕಿನಲ್ಲಿ ಈ ಪದಕ್ಕೆ ಹಾಸಿದ್ದು, ಹಾಸಿಗೆ ಅಂತ ಅರ್ಥ. ನಮ್ಮಲ್ಲಿ ‘ಹಾಸು’ ಇದೆಯಲ್ಲ ಅಂತ ಖುಷಿಯಾಯಿತು. ಆದರೆ ಪಕ್ಕದ ಮನೆಯ ಕಾಕಾ ಬೆಟಗೇರಿಯವರು, ಮಗ್ಗದ ಮನೆತನ. ಬರೆದದ್ದನ್ನು ಓದಿ ಹೇಳಿದೆ. “ಹಾಸು ಅಂದ್ರ ಅರ್ಧಾ ಅರಿವಿ ಆತಲ್ಲೋ, ಹೊಕ್ಕು ಎಲ್ಲೈತಿ?” ಅಂದರು. ಅವರಿಗೆ ಹಾಸು ಅಂದರೆ ಮಗ್ಗದ ಉದ್ದ ಎಳೆ, ಹೊಕ್ಕು ಅಂದರೆ ಅಡ್ಡ ಎಳೆ. ಆ ಹೋಲಿಕೆಯನ್ನು ಎಳೆದಾಡಿದರೆ ಹರಿಯುತ್ತದೆ. ಮುಖ್ಯ ಕೋಶಗಳೇನೂ ಹೊಕ್ಕಿನ ಹಾಗೆ ಹಾಸಿನೊಳಗೆ ಹಾಯುವುದಿಲ್ಲ. ಆದರೂ ಒಂದಿಲ್ಲದೆ ಇನ್ನೊಂದು ನಿಲ್ಲದು ಅನ್ನುವ ಮಾತು ಕಾಕಾಗೆ ಕೂಡಲೇ ಹೊಳೆಯಿತು. ನನ್ನ ಮತ ‘ಹಾಸು’ ಪದಕ್ಕೇ. ‘ಹಾಸುಕೋಶ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ನಾರು ತಯಾರಿಸುವ ಫೈಬ್ರೋಬ್ಲಾಸ್ಟ್‌ಗೆ ಸುಮ್ನೆ ‘ನಾರುಕೋಶ’ ಅಂದಿದ್ದೇನೆ, ಅದರಲ್ಲಿ ಜಗಳವಿಲ್ಲ.

ಜಾಸ್ತಿ ತಲೆ ಕೆಡಿಸಿದ್ದು ‘ವಂಶವಾಹಿ’. ಶಾಲೆಯಲ್ಲಿ ಕಲಿತ ಪದ, ನಾನೂ ಅದನ್ನೇ ಬರೆದಿದ್ದೆ. ಕಾಕಾ ತಟ್ಟನೆ, “ಅಂದ್ರ ಇದು ಮಕ್ಕಳಿಗೂ ಬರತೈತೇನು?” ಅಂದರು. ಪದದಲ್ಲೇ ವಂಶ ಕೂತಿರುವಾಗ ಹಾಗೆ ಕೇಳದೆ ಇನ್ನೇನು? ಈ ಜೀನ್ ಎಲ್ಲರಲ್ಲೂ ಇದೆ, ಎರಡನೇ ಕ್ರೋಮೋಸೋಮಿನ ಮೇಲೆ. ಇಲ್ಲಿ ಪ್ರಶ್ನೆ ಅದು ಯಾರಿಂದ ಬಂತು ಅನ್ನುವುದಲ್ಲ, ಯಾವಾಗ ಎಚ್ಚರವಾಗುತ್ತದೆ ಅನ್ನುವುದು. ಸಾಲದ್ದಕ್ಕೆ ಎಫ್‌ಎಪಿ ಅನ್ನುವ ಅದೇ ಮೂರಕ್ಷರ ದೊಡ್ಡ ಕರುಳಿನಲ್ಲಿ ನೂರಾರು ಗಂಟುಗಳೇಳುವ ಇನ್ನೊಂದು ಕಾಯಿಲೆಗೂ ಇದೆ. ಅದು ನಿಜವಾಗಿಯೂ ವಂಶದಲ್ಲಿ ಬರುವಂಥದ್ದು, ಅದರ ಜೀನೇ ಬೇರೆ, ಎಪಿಸಿ. ಅದಕ್ಕೇ ‘ಜೀನ್’ ಅಂತಲೇ ಇಟ್ಟುಕೊಂಡೆ. ಜೀನಿನ ‘ಅಭಿವ್ಯಕ್ತಿ’ಯನ್ನೂ ಬಿಟ್ಟೆ. ಅದು ಕವಿಗೋಷ್ಠಿಯ ಮಾತು. ಜೀನ್ ಮಲಗಿದೆ, ಎಚ್ಚರವಾಗಿದೆ ಅಂದರೆ ಸಾಕಲ್ವಾ?

ಈಗ ನನಗೆ ಇಷ್ಟವಾದ ಪದಕ್ಕೆ ಬರುತ್ತೇನೆ. ಗಾಯವಾದಾಗ ನಾರುಕೋಶಗಳು ಎದ್ದು ಕೊಲಾಜನ್ ನಾರು ಹಾಕುತ್ತವೆ. ಎಫ್‌ಎಪಿ ಜೀನಿನಿಂದ ತಯಾರಾಗುವ ಕಿಣ್ವ ಅವುಗಳ ಮೈಮೇಲೆ ಕೂತು ಸಡಿಲವಾದ ಕೊಲಾಜನನ್ನು ಕತ್ತರಿಸುತ್ತದೆ. ಹಳೆಯದನ್ನು ಕತ್ತರಿಸುವುದು, ಹೊಸದನ್ನು ಹಾಸುವುದು, ಎರಡೂ ನಡೆಯಬೇಕು. ಗಾಯ ಮಾಯಿತು ಅಂದರೆ ಜೀನ್ ಮತ್ತೆ ಮಲಗುತ್ತದೆ. ದೊಡ್ಡವರ ಆರೋಗ್ಯವಂತ ಮೈಯಲ್ಲಿ ಅದು ಕಾಣುವುದೇ ಕಡಿಮೆ. ಸ್ತನ, ಕರುಳು, ಮೇದೋಜೀರಕ ಗ್ರಂಥಿಯಂಥ ಹಲವು ಕ್ಯಾನ್ಸರ್‌ಗಳ ಹಾಸಿನಲ್ಲಿ ಮಾತ್ರ ಅದು ಮಲಗುವುದೇ ಇಲ್ಲ. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಅನ್ನುವ ಅಮೆರಿಕದ ವೈದ್ಯ ಗಡ್ಡೆಗಳನ್ನು ‘ಮಾಯದ ಗಾಯಗಳು’ ಅಂತ ಕರೆದರು. ಈಗ ವಿಕಿರಣ ಸೂಸುವ ಗ್ಯಾಲಿಯಮ್-68 ಹಚ್ಚಿದ ಅಣುವೊಂದನ್ನು ಮೈಗೆ ಬಿಟ್ಟು, ಅದು ಎಫ್‌ಎಪಿಗೆ ಅಂಟಿಕೊಂಡ ಜಾಗವನ್ನು ಸ್ಕ್ಯಾನಿನಲ್ಲಿ ಹುಡುಕುತ್ತಾರೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರೂಪಿಸಿದ ವಿಧಾನ. ತಮಾಷೆ ಏನೆಂದರೆ, ಮಾಯುತ್ತಿರುವ ಗಾಯವೂ ಅದರಲ್ಲಿ ಹೊಳೆಯುತ್ತದೆ. ಅದು ಗಾಯವೋ ಗಡ್ಡೆಯೋ ಅಂತ ವೈದ್ಯರೇ ತೂಗಿ ನೋಡಬೇಕು.

‘ಮಾಯದ ಗಾಯ’ ಚೆನ್ನಾಗಿಯೇ ಇದೆ. ಆದರೆ ಇನ್ನೂ ಮಾಯದಿರುವ ಗಾಯಕ್ಕೂ ಹಾಗೇ ಅನ್ನಬಹುದು, ನಾಳೆ ಮಾಯಬಹುದು. ಕಾಕಾ ತಮ್ಮ ಕಾಲಿನ ಸಕ್ಕರೆ ಕಾಯಿಲೆಯ ಹುಣ್ಣು ತೋರಿಸಿ, “ಏನ್ ಮಾಡಿದ್ರೂ ಮಾಯವಲ್ದು” ಅಂತಾರೆ. ಬರವಲ್ದು, ಆಗವಲ್ದು ಇದ್ದ ಹಾಗೆ. ಅದರಲ್ಲಿ ‘ಒಲ್ಲೆ’ ಇದೆ, ಹಟ ಇದೆ. ಔಷಧಿ ಹಚ್ಚಿದರೂ ಒಪ್ಪದ ಹಟ. ಡ್ವೊರಾಕ್ ಅವರ ಮಾತಿಗೆ ಇದಕ್ಕಿಂತ ಹತ್ತಿರದ ಕನ್ನಡ ನನಗೆ ಸಿಕ್ಕಿಲ್ಲ. (ಕಾಕಾರ ಹುಣ್ಣು ಕ್ಯಾನ್ಸರಲ್ಲ, ಅದನ್ನೂ ಪುಟದಲ್ಲಿ ಬರೆಯಬೇಕೆಂದು ಕಾಕೂ ತಾಕೀತು ಮಾಡಿದ್ದಾರೆ.)

ಈಗ ಕೇಳಬೇಕಾದ್ದು. ‘ಮಾಯವಲ್ದ ಗಾಯ’ ಅಂತ ತಲೆಬರಹ ಕೊಟ್ಟರೆ ಮೈಸೂರು, ಮಂಗಳೂರು ಕಡೆಯವರಿಗೆ ತಿಳಿಯುತ್ತದಾ? ನಿಮ್ಮ ಕಡೆ ಗಾಯ ಮಾಯುತ್ತದಾ, ಆರುತ್ತದಾ, ಒಣಗುತ್ತದಾ? ನಮ್ಮಲ್ಲಿ ಒಣಗುವುದು ಅಂದರೆ ಬರೀ ಮೇಲಿನ ಹಕ್ಕಳೆ ಕಟ್ಟುವುದು, ಒಳಗೆ ಮಾಯಲು ಇನ್ನೂ ದಿನ ಬೇಕು. ಹಾವೇರಿ, ರಾಣೆಬೆನ್ನೂರು ಕಡೆಯವರು ಇದ್ದರೆ ದಯವಿಟ್ಟು ಹೇಳಿ. ಭಾನುವಾರದೊಳಗೆ ಹಾಳೆ ಗೋಡೆಗೆ ಹತ್ತಬೇಕು.