ಚಟ್ಟಿಯ ಮಲ್ಲಿಗೆ ಹಳದಿಯಾಗುತ್ತಿದೆ, ನೆಲದ್ದು ಹಸಿರಾಗಿಯೇ ಇದೆ. ಕಾರಣ ಏನು?

ತಾರಸಿ ಮಲ್ಲಿಗೆ (ಪರ್ಕಳ), ನವೆಂಬರ್ 4

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ಶಿರ್ವದ ತವರುಮನೆಯಿಂದ ಮಲ್ಲಿಗೆಯ ಗೆಲ್ಲುಗಳನ್ನು ತಂದು ಬೇರು ಬರಿಸಿ ನೆಟ್ಟಿದ್ದೆ. ಹನ್ನೊಂದು ಗಿಡ ತಾರಸಿಯ ಚಟ್ಟಿಗಳಲ್ಲಿವೆ, ಎರಡು ಅಂಗಳದ ನೆಲದಲ್ಲಿ. ಎಲ್ಲಕ್ಕೂ ಹಾಕಿದ್ದು ಒಂದೇ ಮಣ್ಣು, ನಮ್ಮ ಹಿತ್ತಿಲಿನ ಕೆಂಪು ಮಣ್ಣು. ಜೊತೆಗೆ ಹಟ್ಟಿಗೊಬ್ಬರ, ಸ್ವಲ್ಪ ಹೊಯಿಗೆ.

ಕಳೆದ ಬೇಸಗೆಯಲ್ಲಿ ಚಟ್ಟಿಯವೇ ಮೊದಲು ಹೂ ಬಿಟ್ಟಿದ್ದವು. ಈ ಮಳೆಗಾಲದ ಕೊನೆಗೆ ಅವುಗಳ ಎಲೆ ಹಳದಿಯಾಗಲು ಶುರುವಾಯಿತು. ಈಗ ಹನ್ನೊಂದರಲ್ಲಿ ಎಂಟಕ್ಕೆ ಹಬ್ಬಿದೆ. ನೆಲದ ಎರಡಕ್ಕೆ ಏನೂ ಆಗಿಲ್ಲ. ಬಾವಿ ನೀರು, ದಿನ ಬಿಟ್ಟು ದಿನ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಬಿಸಿಲು ಬೀಳುತ್ತದೆ. ಹುಳ ಕಣ್ಣಿಗೆ ಬಿದ್ದಿಲ್ಲ. ಫೋಟೋ ಹಾಕಲು ನನಗೆ ಬರುವುದಿಲ್ಲ, ಶನಿವಾರ ಮಗ ಬಂದಾಗ ಹಾಕಿಸುತ್ತೇನೆ.

ಹಿತ್ತಿಲ ಕೃಷಿಕ (ಸುರತ್ಕಲ್)

ಅಕ್ಕ, ಚಿಂತೆ ಬೇಡ. ಇದು ಸಾರಜನಕದ ಕೊರತೆ. ಚಟ್ಟಿಯ ಮಣ್ಣಿನಲ್ಲಿ ಎರಡು ವರ್ಷಕ್ಕೆ ಏನು ಉಳಿದೀತು? ಕಡಲೆ ಹಿಂಡಿಯನ್ನು ಮೂರು ದಿನ ನೆನೆಸಿ, ತಿಳಿಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ. ವಾರ ಕಳೆಯುವುದರೊಳಗೆ ಹಸಿರು ತಿರುಗುತ್ತದೆ.

ಹೂವಿನಂಗಳ (ಶಂಕರಪುರ)

ಹಿಂಡಿ ಹಾಕುವುದಕ್ಕೆ ಮೊದಲು ಒಂದು ಚಟ್ಟಿಯನ್ನು ಮಗುಚಿ ಬೇರು ನೋಡಿ. ಮಳೆಗಾಲ ಮುಗಿದ ಮೇಲೆ ಹಳದಿ ಎಂದರೆ ನನಗೆ ಮೊದಲು ಬೇರಿನ ಮೇಲೆಯೇ ಅನುಮಾನ. ಕೊಳೆತ ಬೇರು ಕಂದಾಗಿರುತ್ತದೆ, ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ನೂಲಿನಂಥ ನಡುಭಾಗ ಮಾತ್ರ ಉಳಿಯುತ್ತದೆ. ಬುಡದ ಸುತ್ತ ಬಿಳಿ ಬೂಸ್ಟು, ಅದರಲ್ಲಿ ಸಾಸಿವೆಯಂಥ ಕಂದು ಕಾಳು ಕಂಡರೆ ಬುಡ ಕೊಳೆ ರೋಗ. ಬೇರಿನಲ್ಲಿ ಗಂಟುಗಳಿದ್ದರೆ ಜಂತುಹುಳ. ಇವುಗಳಲ್ಲಿ ಯಾವುದಿದ್ದರೂ ಹಿಂಡಿ ಹಾಕಿ ಪ್ರಯೋಜನವಿಲ್ಲ. ಕೊಳೆ ಇದ್ದರೆ ಇನ್ನೂ ಬೇಗ ಹೋಗುತ್ತದೆ.

ತಾರಸಿ ಮಲ್ಲಿಗೆ, ನವೆಂಬರ್ 13

ಎರಡನ್ನೂ ಮಾಡಿದೆ. ಮೊದಲು ಹಿಂಡಿ ಹಾಕಿಬಿಟ್ಟಿದ್ದೆ, ಶಂಕರಪುರದವರ ಉತ್ತರ ನೋಡಿದ್ದು ಆಮೇಲೆ. ಹಾಕಿ ವಾರ ಆಗುತ್ತಾ ಬಂತು, ಎಲೆ ಮತ್ತಷ್ಟು ಹಳದಿ. ವಾಸನೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡಿದ್ದಾರೆ, ನೊಣದ ಹಿಂಡು ಬೇರೆ.

ಬೇರು ಮಾತ್ರ ಬೆಳ್ಳಗೆ ಗಟ್ಟಿಯಾಗಿದೆ. ಗಂಟಿಲ್ಲ, ಸಾಸಿವೆಕಾಳು ಇಲ್ಲ, ಕೊಳೆತ ವಾಸನೆಯೂ ಇಲ್ಲ.

ನಿವೃತ್ತ ಮೇಷ್ಟ್ರು (ಉಡುಪಿ)

ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದವನು, ಕೃಷಿಕನಲ್ಲ. ಮನೆಯಲ್ಲಿ ನಾಲ್ಕು ಚಟ್ಟಿ ಇವೆ ಅಷ್ಟೇ. ಆದರೂ ಮೂರು ಪ್ರಶ್ನೆ ಕೇಳುತ್ತೇನೆ. ಮೊದಲು ಹಳದಿಯಾದದ್ದು ಬುಡದ ಹಳೆಯ ಎಲೆಯೋ, ತುದಿಯ ಚಿಗುರೋ? ಎಲೆ ಪೂರ್ತಿ ಹಳದಿಯೋ, ನರಗಳು ಹಸಿರಾಗಿ ಉಳಿದಿವೆಯೋ? ಮೊದಲಿನ ಮಣ್ಣು, ಗೊಬ್ಬರ ಬಿಟ್ಟು ಆಮೇಲೆ ಚಟ್ಟಿಗೆ ಏನೇನು ಹಾಕಿದ್ದೀರಿ?

ಕೇಳುವುದಕ್ಕೆ ಕಾರಣವಿದೆ. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಸಾಗಿಸುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಸೊರಗುತ್ತದೆ. ಮೆಗ್ನೀಸಿಯಂ ಕೂಡ ಹಾಗೆಯೇ, ಆದರೆ ಅದರಲ್ಲಿ ನರಗಳ ನಡುವೆ ಮಾತ್ರ ಹಳದಿ. ಕಬ್ಬಿಣವನ್ನು ಗಿಡ ಒಮ್ಮೆ ಎಲೆಗೆ ಕೊಟ್ಟರೆ ಮತ್ತೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅದು ಕಡಿಮೆಯಾದರೆ ಪೆಟ್ಟು ಬೀಳುವುದು ಚಿಗುರಿಗೆ. ಯಾವ ಎಲೆ ಎಂದು ತಿಳಿಯದೆ ಗೊಬ್ಬರದ ಹೆಸರು ಹೇಳುವುದು ಕಣ್ಣು ಕಟ್ಟಿ ಔಷಧ ಕೊಟ್ಟ ಹಾಗೆ.

ಮಲ್ಲಿಗೆಪ್ರಿಯ (ಮಂಗಳೂರು, ಬಿಜೈ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಗಿಡದಲ್ಲೂ ಹಳದಿ. ಸೂಜಿಯಿಂದ ಚುಚ್ಚಿದ ಹಾಗೆ ಎಲೆ ತುಂಬ ಸಣ್ಣ ಸಣ್ಣ ಚುಕ್ಕೆ, ಎಲೆಯ ಅಡಿಯಲ್ಲಿ ಧೂಳು ಹಿಡಿದಂತೆ ಇದೆ. ನಾನೂ ಇದೇ ಔಷಧ ಮಾಡಬಹುದೇ?

ಹೂವಿನಂಗಳ (ಶಂಕರಪುರ)

ಬೇಡ ಮಾರಾಯರೇ, ನಿಮ್ಮದು ಬೇರೆ. ಬಿಳಿ ಕಾಗದದ ಮೇಲೆ ಎಲೆಯನ್ನು ಕೊಡವಿ. ಧೂಳು ನಡೆದಾಡಿದರೆ ಅದು ಕೆಂಪು ನುಸಿ. ಎಲೆಯ ಅಡಿಗೆ ನೀರನ್ನು ಜೋರಾಗಿ ಹಾಯಿಸಿ ತೊಳೆಯಿರಿ, ಮೂರು ದಿನಕ್ಕೊಮ್ಮೆ. ಹೋಗದಿದ್ದರೆ ಬೇವಿನ ಎಣ್ಣೆ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತದೆ.

ತಾರಸಿ ಮಲ್ಲಿಗೆ, ನವೆಂಬರ್ 15

ಮಗ ಫೋಟೋ ಹಾಕಿದ್ದಾನೆ. ಮೇಷ್ಟ್ರು ಕೇಳಿದ ಮೇಲೆ ಕನ್ನಡಕ ಹಾಕಿಕೊಂಡು ಒಂದೊಂದೇ ಗೆಲ್ಲನ್ನು ನೋಡಿದೆ. ಹಳದಿ ಶುರುವಾದದ್ದು ತುದಿಯಿಂದ. ಎಲ್ಲಕ್ಕಿಂತ ಮೇಲಿನ ಜೋಡಿ ಎಲೆ ಹೆಚ್ಚುಕಡಿಮೆ ಬೆಣ್ಣೆಯ ಬಣ್ಣ. ಅದರ ಕೆಳಗಿನ ಜೋಡಿ ಹಳದಿ, ಆದರೆ ನರಗಳೆಲ್ಲ ಹಸಿರು ಶಾಯಿಯಲ್ಲಿ ಗೀಚಿದಂತೆ ಕಾಣುತ್ತವೆ. ಬುಡದ ಎಲೆಗಳು ಹಸಿರಾಗಿವೆ, ಸ್ವಲ್ಪ ಮಂಕು.

ಚಟ್ಟಿಗೆ ಬೇರೆ ಏನೂ ಹಾಕುವುದಿಲ್ಲ. ಬಚ್ಚಲು ಒಲೆಯ ಬೂದಿ ಮಾತ್ರ, ಪ್ರತಿ ಶುಕ್ರವಾರ ಒಂದೊಂದು ಹಿಡಿ. ತೆಂಗಿನ ಸಿಪ್ಪೆ, ಮಡಲು ಉರಿಸಿದ ಶುದ್ಧ ಬೂದಿ. ಅಮ್ಮ ಶಿರ್ವದಲ್ಲಿ ನಲವತ್ತು ವರ್ಷ ಹಾಗೆಯೇ ಮಾಡಿದ್ದಾರೆ. ನೆಲದ ಎರಡು ಗಿಡಕ್ಕೂ ಅದೇ ಬೂದಿ ಹಾಕುತ್ತೇನೆ.

ನಿವೃತ್ತ ಮೇಷ್ಟ್ರು (ಉಡುಪಿ)

“ಬೇರೆ ಏನೂ ಇಲ್ಲ, ಬೂದಿ ಮಾತ್ರ” ಎಂದು ಓದಿ ನಕ್ಕುಬಿಟ್ಟೆ, ತಪ್ಪು ತಿಳಿಯಬೇಡಿ. ಇನ್ನೊಂದು ಪ್ರಶ್ನೆ. ಮಳೆಗಾಲದಲ್ಲಿ ಚಟ್ಟಿಗಳು ಎಲ್ಲಿದ್ದವು?

ತಾರಸಿ ಮಲ್ಲಿಗೆ

ತಾರಸಿಯಲ್ಲೇ. ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮಳೆಗೆ ಬೇರು ಕೊಳೆಯಬಾರದು ಎಂದು ಈ ವರ್ಷ ಮೇ ತಿಂಗಳಲ್ಲಿ ಅಲ್ಲಿಗೆ ಪಾರದರ್ಶಕ ಶೀಟು ಹಾಕಿಸಿದೆವು. ಒಂದು ಹನಿ ಮಳೆಯೂ ಬಿದ್ದಿಲ್ಲ. ಹಳದಿಯಾಗದ ಮೂರು ಚಟ್ಟಿಗಳು ಅಂಚಿನಲ್ಲಿವೆ, ಅವುಗಳಿಗೆ ಎರಚಲು ಬೀಳುತ್ತಿತ್ತು.

ಬರೆಯುತ್ತಿರುವಾಗ ನನಗೇ ಅನುಮಾನ ಬರುತ್ತಿದೆ.

ನಿವೃತ್ತ ಮೇಷ್ಟ್ರು (ಉಡುಪಿ)

ಅನುಮಾನ ಸರಿಯಾಗಿಯೇ ಬಂದಿದೆ. ನಮ್ಮ ಮುರಕಲ್ಲು ಮಣ್ಣು ಸ್ವಭಾವದಲ್ಲಿ ಹುಳಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಅಷ್ಟು ನೀರು ಹರಿದರೆ ಸುಣ್ಣದ ಅಂಶ, ಪೊಟ್ಯಾಷ್ ಎಲ್ಲ ತೊಳೆದುಹೋಗಿ ರಸಸಾರ (ಪಿಎಚ್: ಏಳಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) ಐದರ ಆಸುಪಾಸಿಗೆ ಇಳಿಯುತ್ತದೆ. ಅಂಥ ನೆಲಕ್ಕೆ ಬೂದಿಯಾಗಲಿ ಸುಡುಮಣ್ಣಾಗಲಿ ಹಾಕುವುದು ಒಳ್ಳೆಯ ಕೃಷಿ. ಹುಳಿ ಮುರಿಯುತ್ತದೆ, ಹೆಚ್ಚಾದದ್ದನ್ನು ಮುಂದಿನ ಮಳೆ ಒಯ್ಯುತ್ತದೆ. ನಿಮ್ಮ ತಾಯಿಯವರ ಲೆಕ್ಕದಲ್ಲಿ ಮಳೆಯೂ ಸೇರಿತ್ತು.

ಶೀಟಿನ ಅಡಿಯ ಚಟ್ಟಿಯಲ್ಲಿ ಒಯ್ಯುವವರು ಯಾರು? ಮೇ ತಿಂಗಳಿಂದ ಇಪ್ಪತ್ತಕ್ಕೂ ಹೆಚ್ಚು ಶುಕ್ರವಾರಗಳಾದವು. ಅಷ್ಟು ಹಿಡಿ ಕ್ಷಾರ ಆ ಒಂದು ಬುಟ್ಟಿ ಮಣ್ಣಿನಲ್ಲೇ ಕೂತಿದೆ. ರಸಸಾರ ಏಳು ದಾಟಿದರೆ ಕಬ್ಬಿಣ ನೀರಿನಲ್ಲಿ ಕರಗದೆ ತುಕ್ಕಿನ ರೂಪದಲ್ಲಿ ಮಣ್ಣಿಗೆ ಅಂಟಿಕೊಳ್ಳುತ್ತದೆ, ಬೇರಿಗೆ ಸಿಗುವುದಿಲ್ಲ. ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ, ಅದರಲ್ಲೇ ನಿಂತ ಗಿಡ ಕಬ್ಬಿಣವಿಲ್ಲದೆ ಬಿಳಿಚಿಕೊಂಡಿದೆ. (ಈ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ, ಮಲಬಾರಿನ ಅಂಗಡಿಪುರಂ ಕಡೆ ಅದನ್ನು ಕಡಿದು ಗೋಡೆ ಕಟ್ಟುವುದನ್ನು ಕಂಡು. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಇದಕ್ಕೆ ನಮ್ಮಲ್ಲಿರುವ ಜಂಬಿಟ್ಟಿಗೆ ಎಂಬ ಹೆಸರಲ್ಲೂ ಇಟ್ಟಿಗೆ ಇದೆ. ಪಾಠ ಮಾಡುವ ಚಟ, ಬಿಡಿ.)

ನನ್ನ ಮಾತನ್ನೇ ನಂಬಬೇಕಿಲ್ಲ. ಚಟ್ಟಿಯ ಮೇಲ್ಮಣ್ಣು ಎರಡು ಚಮಚ ತೆಗೆದು ಒಂದು ಲೋಟಕ್ಕೆ ಹಾಕಿ, ಅಂಗಳದ ಮಣ್ಣನ್ನು ಇನ್ನೊಂದಕ್ಕೆ. ಎರಡಕ್ಕೂ ಅಡುಗೆಯ ವಿನೆಗರ್ ಸುರಿಯಿರಿ. ನಮ್ಮೂರಿನ ಬರಿಯ ಮಣ್ಣು ವಿನೆಗರ್‌ಗೆ ನೊರೆ ಬಿಡುವುದಿಲ್ಲ, ನೊರೆ ಬಂದರೆ ಅದು ಬೂದಿಯ ಕ್ಷಾರ.

ತಾರಸಿ ಮಲ್ಲಿಗೆ, ನವೆಂಬರ್ 16

ಅಂಗಳದ ಮಣ್ಣು ಸುಮ್ಮನೆ ನೆನೆಯಿತು. ಚಟ್ಟಿಯ ಮಣ್ಣು ಸೋಡಾ ಶೀಶೆಯ ಮುಚ್ಚಳ ತೆಗೆದ ಹಾಗೆ ಚುರ್ರೆಂದಿತು, ಸಣ್ಣ ಸಣ್ಣ ಗುಳ್ಳೆಗಳು ಒಂದು ನಿಮಿಷದವರೆಗೂ ಮೇಲೆ ಬರುತ್ತಲೇ ಇದ್ದವು. ಮಗ ವಿಡಿಯೋ ಮಾಡಿದ್ದಾನೆ. ಬೂದಿಯ ತಿಳಿನೀರಿಗೆ ಅರಿಶಿನ ಹಾಕಿಯೂ ನೋಡಿದೆವು, ಆರತಿಯ ಕುರ್ದಿ ನೀರಿನಷ್ಟು ಕೆಂಪಾಯಿತು. ಸುಣ್ಣಕ್ಕೆ ಮಾತ್ರ ಹಾಗಾಗುತ್ತದೆ ಎಂದುಕೊಂಡಿದ್ದೆ.

ಈಗ ಏನು ಮಾಡಲಿ?

ನಿವೃತ್ತ ಮೇಷ್ಟ್ರು (ಉಡುಪಿ)

ಬೂದಿ ನಿಲ್ಲಿಸಿ. ಮೇಲಿನ ಎರಡು ಅಂಗುಲ ಮಣ್ಣನ್ನು ಬೇರಿಗೆ ಗಾಯವಾಗದಂತೆ ಕೆರೆದು ತೆಗೆಯಿರಿ, ಬೂದಿ ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಅಡಿಯ ತೂತು ಕಟ್ಟಿಲ್ಲವೆಂದು ನೋಡಿಕೊಂಡು, ಪ್ರತಿ ಚಟ್ಟಿಗೆ ಅದರ ಗಾತ್ರದ ಮೂರು ಪಟ್ಟು ಬಾವಿ ನೀರನ್ನು ನಿಧಾನವಾಗಿ ಹಾಯಿಸಿ.

ಗಿಡಕ್ಕೆ ಈಗಲೇ ಬೇಕಾದ ಕಬ್ಬಿಣವನ್ನು ಎಲೆಯ ಮೂಲಕ ಕೊಡಿ. ಫೆರಸ್ ಸಲ್ಫೇಟ್, ಹಳಬರ ಬಾಯಲ್ಲಿ ಅನ್ನಭೇದಿ. ಒಂದು ಲೀಟರ್ ನೀರಿಗೆ 5 ಗ್ರಾಂ, ಅರ್ಧ ನಿಂಬೆಹಣ್ಣಿನ ರಸ. ನಿಂಬೆ ಹಾಕದಿದ್ದರೆ ಕಬ್ಬಿಣ ಬೇಗ ತುಕ್ಕಾಗಿ ತಳ ಸೇರುತ್ತದೆ. ಸಂಜೆ ಹೊತ್ತು, ಎಲೆಯ ಎರಡೂ ಬದಿಗೆ, ಹದಿನೈದು ದಿನಕ್ಕೊಮ್ಮೆ. ಕಲಸಿದ್ದನ್ನು ಅಂದೇ ಮುಗಿಸಿ. ಕೊಳ್ಳುವಾಗ ತಿಳಿಹಸಿರು ಹರಳು ಇರಬೇಕು. ಕಂದು ಪುಡಿಯಾಗಿದ್ದರೆ ಅದು ಅಂಗಡಿಯಲ್ಲೇ ಕೆಟ್ಟಿದೆ. ನೀಲಿ ಹರಳು ಕೊಟ್ಟರೆ ಅದು ಮೈಲುತುತ್ತು, ಅದನ್ನು ಹೀಗೆ ಎಲೆಗೆ ಹೊಡೆದರೆ ಗಿಡ ಸುಟ್ಟುಹೋಗುತ್ತದೆ.

ಅನ್ನಭೇದಿಯನ್ನು ಈ ಮಣ್ಣಿಗೆ ಸುರಿಯಬೇಡಿ, ಕ್ಷಾರ ಅದನ್ನೂ ನುಂಗುತ್ತದೆ. ಚಿಲೇಟೆಡ್ ಕಬ್ಬಿಣ (ಮಣ್ಣಿಗೆ ಅಂಟದಂತೆ ಬೇರೊಂದು ಅಣು ಹಿಡಿದಿಟ್ಟ ಕಬ್ಬಿಣ) ಎಂದು ಸಿಗುವುದರಲ್ಲೂ ಇಡಿಟಿಎ ಬಗೆಯದ್ದು ರಸಸಾರ ಏರಿದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಇಡಿಡಿಎಚ್ಎ ನಿಲ್ಲುತ್ತದೆ, ಬೆಲೆ ಹೆಚ್ಚು.

ಹೂವಿನಂಗಳ (ಶಂಕರಪುರ)

ಮೇಷ್ಟ್ರು ಹೇಳಿದ ಕಾರಣಕ್ಕೆ ನನ್ನ ಒಪ್ಪಿಗೆ ಇದೆ, ತೊಳೆಯುವ ವಿಚಾರಕ್ಕೆ ಇಲ್ಲ. ಬೂದಿಯಲ್ಲಿರುವ ಸುಣ್ಣದ ಅಂಶ ಮೂರು ಪಟ್ಟು ನೀರಿಗೆ ಹೋಗುವಂಥದ್ದಲ್ಲ. ಎಂಟು ಗಿಡಕ್ಕೆ ಎಂಟು ಬುಟ್ಟಿ ಹೊಸ ಮಣ್ಣು, ಹಿತ್ತಿಲಲ್ಲೇ ಇದೆ. ಹೆಚ್ಚು ಸೊರಗಿದವನ್ನು ಮಣ್ಣು ಬದಲಿಸಿ ನೆಡಿ, ಬೇರಿನ ಗಡ್ಡೆ ಒಡೆಯದಂತೆ. ಒಂದು ವಾರ ನೆರಳು.

ಮಣ್ಣನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ವಿನೆಗರ್ ಹೌದು ಅಲ್ಲ ಎನ್ನುತ್ತದೆ, ಎಷ್ಟು ಎಂದು ಹೇಳುವುದಿಲ್ಲ.

ನಿವೃತ್ತ ಮೇಷ್ಟ್ರು (ಉಡುಪಿ)

ಒಪ್ಪಿದೆ. ನೀರು ಪೊಟ್ಯಾಷ್ ಒಯ್ದೀತು, ಸುಣ್ಣ ಉಳಿಯುತ್ತದೆ. ಕೈಯಲ್ಲಿ ಮಣ್ಣು ಹಿಡಿದವರ ಮಾತು ಮೇಲು.

ಹಿತ್ತಿಲ ಕೃಷಿಕ (ಸುರತ್ಕಲ್)

ಅಕ್ಕ, ಹಿಂಡಿಯ ವಿಷಯದಲ್ಲಿ ನನ್ನನ್ನು ಕ್ಷಮಿಸಿ. ನಾನೂ ಬೂದಿ ಹಾಕುವವನೇ. ಈಗ ವಿನೆಗರ್ ಹುಡುಕುತ್ತಿದ್ದೇನೆ.

ತಾರಸಿ ಮಲ್ಲಿಗೆ, ಜನವರಿ 24

ಇಷ್ಟು ದಿನ ಬರೆಯಲಿಲ್ಲ, ಫಲಿತಾಂಶ ಕಾಣದೆ ಬರೆಯುವುದೇನು ಎಂದು.

ಬ್ರಹ್ಮಾವರದ ವರದಿ ಬಂತು: ಚಟ್ಟಿಯ ಮಣ್ಣಿನ ರಸಸಾರ 8.1, ಅಂಗಳದ್ದು 5.4. ಐದು ಗಿಡಗಳ ಮಣ್ಣು ಬದಲಿಸಿದೆ, ಮೂರಕ್ಕೆ ಮೇಲ್ಮಣ್ಣು ತೆಗೆದು ನೀರು ಮಾತ್ರ ಹಾಯಿಸಿದೆ. ಎಲ್ಲಕ್ಕೂ ನಾಲ್ಕು ಸಲ ಅನ್ನಭೇದಿ. ಮೊದಲ ಸಿಂಪಡಣೆಯ ಎಂಟನೆಯ ದಿನ ಹಳದಿ ಎಲೆಗಳ ಮೇಲೆ ಹನಿ ಬಿದ್ದ ಕಡೆಯಲ್ಲೆಲ್ಲ ಹಸಿರು ಬೊಟ್ಟು ಮೂಡಿತ್ತು. ಆಗಲೇ ಧೈರ್ಯ ಬಂತು. ಮಣ್ಣು ಬದಲಿಸಿದ ಐದರಲ್ಲಿ ನಾಲ್ಕು ಈಗ ಹಸಿರು ಚಿಗುರು ಬಿಟ್ಟಿವೆ, ಒಂದು ಸತ್ತಿತು. ಬೇರಿನ ಗಡ್ಡೆ ನನ್ನ ಕೈಯಲ್ಲೇ ಒಡೆದಿತ್ತು. ನೀರು ಹಾಯಿಸಿದ ಮೂರು ಸಿಂಪಡಿಸಿದಾಗ ಹಸಿರು, ಬಿಟ್ಟರೆ ಮತ್ತೆ ಮಂಕು. ಶಂಕರಪುರದವರು ಗೆದ್ದರು.

ಶೀಟನ್ನು ಮುಂದಿನ ಮಳೆಗಾಲಕ್ಕೆ ತೆಗೆಸುತ್ತೇವೆ. ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. “ಮಲ್ಲಿಗೆಗೆ ಕೊಡೆ ಹಿಡಿಯಲು ನಿನಗೆ ಹೇಳಿದವರು ಯಾರು?” ಎಂದರು. ಬೂದಿ ಈಗ ತೆಂಗಿನ ಬುಡಕ್ಕೆ ಹೋಗುತ್ತಿದೆ. ಇವತ್ತು ಬೆಳಿಗ್ಗೆ ಹದಿನಾಲ್ಕು ಮೊಗ್ಗು ಸಿಕ್ಕಿತು.

ಹೂವಿನಂಗಳ (ಶಂಕರಪುರ)

ಮಲ್ಲಿಗೆ ಮಾರುವ ಲೆಕ್ಕದಲ್ಲಿ ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರು ಈಗಲೇ ತೆಗೆದಿಡಿ, ಒಂದು ಅಟ್ಟೆಗೆ 3186 ಮಾತ್ರ ಬಾಕಿ.

ಉಳಿದ ಮೂರಕ್ಕೂ ಮಣ್ಣು ಬದಲಿಸಿಬಿಡಿ, ಬಿಸಿಲು ಏರುವ ಮೊದಲು.

ತಾರಸಿ ಮಲ್ಲಿಗೆ

ಭಾನುವಾರ ಮಾಡುತ್ತೇನೆ, ಈ ಸಲ ಮಗನ ಕೈಯಲ್ಲಿ. ಕೊನೆಯದಾಗಿ ಒಂದು ಪ್ರಶ್ನೆ: ಸಿಂಪಡಿಸುವಾಗ ಹತ್ತಿಯ ಸೀರೆಯ ಸೆರಗಿಗೆ ಅನ್ನಭೇದಿ ಹಾರಿ ಕಂದು ಕಲೆಯಾಗಿದೆ. ಸಾಬೂನಿಗೆ ಜಗ್ಗುತ್ತಿಲ್ಲ.

ನಿವೃತ್ತ ಮೇಷ್ಟ್ರು (ಉಡುಪಿ)

ಅದು ತುಕ್ಕು. ಬ್ಲೀಚಿಂಗ್ ಪುಡಿ ಮುಟ್ಟಿಸಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬಣ್ಣ ಬಿಡುವ ಸೀರೆಯಾದರೆ ಮೊದಲು ಒಳಗಿನ ಮೂಲೆಯಲ್ಲಿ ಹಚ್ಚಿ ನೋಡಿ.